ಕ್ರಯೋಲಾನ್ ಟಿವಿ ಪೇಂಟ್ ಸ್ಟಿಕ್: ರಂಗಕ್ಕೂ ಕ್ಯಾಮೆರಾಗೂ ಒಂದೇ ಕಡ್ಡಿ ಸಾಕೇ?

ಹಗಲು ಧಾರಾವಾಹಿ, ಸಂಜೆ ನಾಟಕ ಎಂದು ಎರಡೂ ಕಡೆ ಬಣ್ಣ ಹಚ್ಚುವ ನಟರ ಪೆಟ್ಟಿಗೆಯಲ್ಲಿ ಕ್ರಯೋಲಾನ್ ಕಂಪನಿಯ ಈ 25 ಗ್ರಾಂ ಮೇಕಪ್ ಕಡ್ಡಿಗೆ ಒಂದು ಜಾಗ ಮೀಸಲು. ಹೆಸರಿನಲ್ಲಿ ಟಿವಿ ಇದ್ದರೂ ಇದು ಹೆಚ್ಚು ಒದಗುವುದು ರಂಗದ ಮೇಲೆಯೇ. ಕ್ಯಾಮೆರಾ ಮುಂದೆ ಇದನ್ನು ಬಳಸಲು ಕೈ ಪಳಗಿರಬೇಕು.

ಇದು ಜಿಡ್ಡಿನ ಬೇಸ್, ಅಂದರೆ ಮುಖಕ್ಕೆ ಮೊದಲು ಹಚ್ಚುವ ತಳದ ಬಣ್ಣ. ಮೊಡವೆ ಕಲೆ, ಕಣ್ಣಡಿಯ ಕಪ್ಪು, ಬೋಳಿಸಿದ ಗಡ್ಡದ ಮಬ್ಬು ಎಲ್ಲವನ್ನೂ ತೆಳುವಾಗಿ ಹಚ್ಚಿದರೂ ಮುಚ್ಚುತ್ತದೆ. ಹೊಸಬರು ಎಡವುವುದೂ ಇಲ್ಲೇ. ಕಡ್ಡಿಯನ್ನು ಮುಖಕ್ಕೆಲ್ಲ ಉಜ್ಜಿ ದಪ್ಪ ಬಳಿದುಕೊಳ್ಳುತ್ತಾರೆ. ನಾಟಕದಲ್ಲಿ ಹತ್ತನೇ ಸಾಲಿನ ಪ್ರೇಕ್ಷಕರಿಗೆ ಅದು ಗೊತ್ತಾಗದು. ಎಚ್‌ಡಿ ಕ್ಲೋಸಪ್‌ನಲ್ಲಿ ನಕ್ಕಾಗ ಕಣ್ಣಂಚಿನ ಗೆರೆಗಳಲ್ಲಿ ಬಣ್ಣ ಸೇರಿಕೊಂಡು ಬಿರುಕಿನಂತೆ ಕಾಣುತ್ತದೆ. ಹಣೆ, ಕೆನ್ನೆ, ಗದ್ದಕ್ಕೆ ಒಂದೊಂದು ಚುಕ್ಕೆ ಇಟ್ಟು, ತುಸು ಒದ್ದೆ ಸ್ಪಾಂಜಿನಿಂದ ತಟ್ಟಿ ಹರಡಿ. ಕಿವಿ, ಕತ್ತು ಮರೆಯಬೇಡಿ.

ಪೌಡರ್ ಹಾಕದೆ ಇದನ್ನು ಬಿಡುವಂತೆಯೇ ಇಲ್ಲ. ಬೇಸಿನ ಬಣ್ಣ ಬದಲಿಸದ ಟ್ರಾನ್ಸ್‌ಲ್ಯೂಸೆಂಟ್ ಪೌಡರನ್ನು ಪಫ್‌ನಿಂದ ಒತ್ತಬೇಕು; ಉಜ್ಜಿದರೆ ಬೇಸೇ ಎದ್ದುಬರುತ್ತದೆ. ಒಂದೆರಡು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಬ್ರಷ್‌ನಿಂದ ಜಾಡಿಸಿ. ಬೆವರಿದಾಗ ಮೊದಲು ಟಿಶ್ಯೂ ಒತ್ತಿ ಒಣಗಿಸಿ, ಆಮೇಲೆ ಪೌಡರ್. ಬೆವರಿನ ಮೇಲೆಯೇ ಪೌಡರ್ ಹಾಕಿದರೆ ಮುಖ ತೇಪೆ ತೇಪೆಯಾಗುತ್ತದೆ.

ಎಫ್‌ಎಸ್ 38, ಎಫ್‌ಎಸ್ 45 ಎಂಬಂಥ ಛಾಯೆಯ ಸಂಖ್ಯೆಗಳನ್ನು ಯಾರೋ ಹೇಳಿದರೆಂದು ಕೊಳ್ಳಬೇಡಿ. ದವಡೆಯಂಚಿಗೆ ಒಂದು ಗೀರು ಎಳೆದು, ಆಡುವ ಬೆಳಕಿನಲ್ಲೇ ನೋಡಿ. ಮುಖವನ್ನು ಎರಡು ಛಾಯೆ ಬೆಳ್ಳಗೆ ಮಾಡುವ ಹಳೇ ಚಟಕ್ಕೆ ಈ ಕಡ್ಡಿ ಬೇಗ ಒಗ್ಗುತ್ತದೆ, ಅದೇ ದುರಂತ: ಕೈ ಒಂದು ಬಣ್ಣ, ಮುಖ ಇನ್ನೊಂದು. ರಂಗದ ಮೇಲೆ ಹಸಿರು ಬೆಳಕಿದ್ದರೆ ಕೆನ್ನೆಯ ಕೆಂಪು ಕಪ್ಪಗೆ ತಿರುಗುತ್ತದೆ, ಕೆಂಪು ಬೆಳಕಿದ್ದರೆ ಮಾಯವಾಗುತ್ತದೆ. ಬೇಸ್ ಎಷ್ಟೇ ಚೆನ್ನಾಗಿದ್ದರೂ ಲೈಟಿಂಗ್‌ನವರನ್ನು ಕೇಳದೆ ರೂಜ್ ಹಚ್ಚಬೇಡಿ.

ಅಂಟಿಸುವ ಮೀಸೆಯಿದ್ದರೆ ಮೇಲ್ದುಟಿಯ ಮೇಲೆ ಬೇಸ್ ಬೇಡ. ಜಿಡ್ಡಿನ ಮೇಲೆ ಮೀಸೆ ಅಂಟಿಸುವ ಸ್ಪಿರಿಟ್ ಗಮ್ ಹಿಡಿಯದೆ, ಉದ್ದ ಸಂಭಾಷಣೆಯ ನಡುವೆ ಮೀಸೆಯ ತುದಿ ಏಳುತ್ತದೆ. ಮೊದಲು ಮೀಸೆ ಅಂಟಿಸಿ, ಸುತ್ತಲಿನ ಬಣ್ಣ ಆಮೇಲೆ ಕೂಡಿಸಿ.

ತಂಡಕ್ಕೆಲ್ಲ ಒಂದೇ ಕಡ್ಡಿಯಾದರೆ ಚಪ್ಪಟೆ ಚಮಚದಿಂದ ಕೆರೆದು ತಟ್ಟೆಗೆ ತೆಗೆದುಕೊಳ್ಳಿ. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಡ್ಡಿ ಹೋದರೆ ಚರ್ಮದ ಸೋಂಕೂ ಜೊತೆಗೆ ಹೋಗುತ್ತದೆ. ಬರೀ ಸೋಪು ನೀರಿಗೆ ಈ ಬಣ್ಣ ಪೂರ್ತಿ ಬಿಡುವುದಿಲ್ಲ. ಕ್ಲೆನ್ಸಿಂಗ್ ಕ್ರೀಮ್ ಅಥವಾ ಎಣ್ಣೆ ಸವರಿ, ಒರೆಸಿ, ಆಮೇಲೆ ತೊಳೆಯಿರಿ. ಮೊಡವೆ ಏಳುವ ಎಣ್ಣೆ ಚರ್ಮದವರು ದಿನವಿಡೀ ನಡೆಯುವ ಶೂಟಿಂಗ್‌ಗೆ ಇದರ ಬದಲು ನೀರಿನಲ್ಲಿ ಕಲಸುವ ಕೇಕ್ ಬಣ್ಣವನ್ನೇ ಆರಿಸಿಕೊಳ್ಳಬಹುದು.