ಸೆಕೆಂಡ್ ಹ್ಯಾಂಡ್ ಸೌಂಡ್ ರೆಕಾರ್ಡರ್: ಆ ಕೆಂಪು ಗುಂಡಿ ಒಂದು ಸರಿ ಇದ್ದಿದ್ದರೆ!

ಕಾಲೇಜಿನಲ್ಲಿ ಶಾರ್ಟ್ ಫಿಲ್ಮ್ ಮಾಡಲು ಹೊರಟವರು ಮೊದಲು ಕೇಳುವುದು ಕ್ಯಾಮೆರಾ ಯಾವುದು ಅಂತ. ನನ್ನ ಮಾತು ಕೇಳುವುದಾದರೆ, ಇರುವ ಫೋನಿನಲ್ಲೇ ಶೂಟ್ ಮಾಡಿ, ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಅದನ್ನು ಸೌಂಡಿಗೆ ಹಾಕಿ. ನಾನು ಹಾಗೇ ಮಾಡಿದೆ. ಸೀನಿಯರ್ ಒಬ್ಬರಿಂದ 9,000 ರೂಪಾಯಿಗೆ ಅಂಗೈ ಅಗಲದ ರೆಕಾರ್ಡರ್ ಒಂದನ್ನು ತಗೊಂಡೆ. ತಲೆಯ ಮೇಲೆ ಎರಡು ಮೈಕ್, ಬುಡದಲ್ಲಿ ಹೊರಗಿನ ಮೈಕ್ ಸಿಕ್ಕಿಸಲು ಎರಡು ಎಕ್ಸ್‌ಎಲ್‌ಆರ್ ಸಾಕೆಟ್. ಕಂಪನಿ ಹೆಸರು ಇಲ್ಲಿ ಬೇಡ. ಈ ಬೆಲೆಯಲ್ಲಿ ಸಿಗುವ ಬಹಳಷ್ಟು ರೆಕಾರ್ಡರ್‌ಗಳ ಗುಣ, ದೋಷ ಹೆಚ್ಚುಕಡಿಮೆ ಇವೇ.

ನಮ್ಮ ಫಿಲ್ಮ್ ನಡೆಯುವುದು ತಿಪಟೂರು ಕಡೆಯ ಒಂದು ಹಿಟ್ಟಿನ ಗಿರಣಿಯಲ್ಲಿ. ಮೊದಲು ಫೋನಿನ ಮೈಕಿನಲ್ಲೇ ಟೆಸ್ಟ್ ಮಾಡಿದ್ದೆವು. ಮಾತು ನಿಂತ ಕೂಡಲೇ ಹಿಂದಿನ ಸದ್ದು ಮೇಲೆದ್ದು ಬರುತ್ತಿತ್ತು. ಮತ್ತೆ ಮಾತು ಶುರುವಾದರೆ ಸದ್ದು ಕೆಳಗೆ ಹೋಗುತ್ತಿತ್ತು. ಫೋನ್ ತನ್ನಷ್ಟಕ್ಕೆ ವಾಲ್ಯೂಮ್ ಏರಿಸುತ್ತ ಇಳಿಸುತ್ತ ಇರುತ್ತದೆ, ಅದರಿಂದಲೇ ಹೀಗೆ. ಎಡಿಟಿಂಗ್‌ನಲ್ಲಿ ಇದನ್ನು ಸರಿಮಾಡುವುದು ದೊಡ್ಡ ತಲೆನೋವು. ರೆಕಾರ್ಡರಿನಲ್ಲೂ ಆಟೋ ಲೆವೆಲ್ ಇದೆ. ತಂದ ದಿನವೇ ಅದನ್ನು ಆಫ್ ಮಾಡಿಬಿಡಿ.

ಈಗ ಶೂಟ್‌ಗೆ ಹೋಗುವ ಮುಂಚಿನ ರಾತ್ರಿ ನನಗೊಂದು ಪೂಜೆಯೇ ಇದೆ. ಒಣ ಬ್ರಶ್ಶಿನಲ್ಲಿ ಗುಂಡಿಗಳ ಸಂದಿಯಿಂದ ಹಿಟ್ಟಿನ ಧೂಳು ತೆಗೆಯುತ್ತೇನೆ. ಎಎ ಸೆಲ್‌ಗಳನ್ನು ಚಾರ್ಜಿಗೆ ಹಾಕುತ್ತೇನೆ. ಮೆನುಗೆ ಹೋಗಿ ಬ್ಯಾಟರಿ ಯಾವ ಬಗೆಯದು ಅಂತ ನೋಡುತ್ತೇನೆ. ರೀಚಾರ್ಜ್ ಸೆಲ್ 1.2 ವೋಲ್ಟ್, ಮಾಮೂಲಿ ಸೆಲ್ 1.5 ವೋಲ್ಟ್. ಇದನ್ನು ತಿಳಿಸದಿದ್ದರೆ ಬ್ಯಾಟರಿ ಗೆರೆ ಸುಳ್ಳು ಹೇಳುತ್ತದೆ. ಹಳೆಯ ಫೈಲ್‌ಗಳೆಲ್ಲ ಎರಡು ಕಡೆ ಕಾಪಿ ಆಗಿವೆ ಅಂತ ಖಾತ್ರಿಯಾದ ಮೇಲೆ ಕಾರ್ಡನ್ನು ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡುತ್ತೇನೆ. ಸದ್ದಿನ ಗುಣಮಟ್ಟದ ಸೆಟ್ಟಿಂಗನ್ನು 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಇಟ್ಟರೆ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. ಸಣ್ಣ ಕಾರ್ಡೇ ಸಾಕು. ಎಲ್ಲಾ ಮುಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಅಡುಗೆಮನೆಯಲ್ಲಿ ಒಂದು ನಿಮಿಷ ಸುಮ್ನೆ ನಿಲ್ಲುತ್ತೇನೆ. ಫ್ರಿಜ್ಜಿನ ಗುಂಯ್ ಅನ್ನುವ ಸದ್ದು, ತೊಟ್ಟಿಕ್ಕುವ ನಲ್ಲಿ, ಪಕ್ಕದ ಮನೆಯ ಟಿವಿ. ಈ ಒಂದು ನಿಮಿಷ ನನಗೆ ಬಹಳ ಇಷ್ಟ.

ಗಿರಣಿಯಲ್ಲಿ ಇದರ ಬೆಲೆ ಗೊತ್ತಾಯಿತು. ಅಲ್ಲಿ ತ್ರೀ ಫೇಸ್ ಕರೆಂಟ್ ಇದ್ದಾಗ ಮಾತ್ರ ಮೋಟಾರ್ ಓಡುತ್ತದೆ. ಹಾಗಾಗಿ ನಮ್ಮ ಶೆಡ್ಯೂಲನ್ನು ನಿಜವಾಗಿ ಬರೆದದ್ದು ಕರೆಂಟೇ. ಸಿಂಗಲ್ ಫೇಸ್ ಇರುವಾಗ ಫ್ಯಾನ್ ಆಫ್ ಮಾಡಿ ಮಾತಿನ ಸೀನ್‌ಗಳು. ಮೀಟರ್ ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ, ಅದಕ್ಕೇ ಜೋರು ದನಿಯೂ ಮೈನಸ್ 12 ಡಿಬಿ ಹತ್ತಿರಕ್ಕೆ ಬಂದು ನಿಲ್ಲುವ ಹಾಗೆ ಲೆವೆಲ್ ಇಡುತ್ತಿದ್ದೆ. ಸೀನ್ ಮುಗಿದ ಮೇಲೆ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ಅರ್ಧ ನಿಮಿಷ ಬರೀ ಆ ಜಾಗದ ಮೌನವನ್ನು ರೆಕಾರ್ಡ್ ಮಾಡುತ್ತಿದ್ದೆ. ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ತೂತು ಮುಚ್ಚುವುದು ಇದೇ. ತ್ರೀ ಫೇಸ್ ಬಂದ ತಕ್ಷಣ ಮೋಟಾರು, ಬೆಲ್ಟು, ಕಲ್ಲು. ರಾಗಿ ಬೀಳುವಾಗ ಸಣ್ಣ ಮಳೆಯಂಥ ಸದ್ದು. ಅಕ್ಕಿಯ ಸದ್ದು ಅದಕ್ಕಿಂತ ಗಡುಸು. ಅಷ್ಟು ದಿನ ಆ ಗಿರಣಿಗೆ ಹೋಗಿಬಂದರೂ ಈ ವ್ಯತ್ಯಾಸ ಕಿವಿಗೆ ಬಿದ್ದಿರಲಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಕೆಂಪು ಗುಂಡಿಯ ವಿಷಯಕ್ಕೆ ಬರುತ್ತೇನೆ. ಒಂದು ಸಲ ಒತ್ತಿದರೆ ಇದು ರೆಕಾರ್ಡ್ ಮಾಡುವುದಿಲ್ಲ! ಕೆಂಪು ದೀಪ ಮಿಣುಕುತ್ತದೆ. ಮೀಟರ್ ಕುಣಿಯುತ್ತದೆ. ಹೆಡ್‌ಫೋನಿನಲ್ಲಿ ಎಲ್ಲಾ ಚೆನ್ನಾಗಿ ಕೇಳಿಸುತ್ತದೆ. ಆದರೆ ಅದು ಬರೀ ತಯಾರಿ. ಎರಡನೇ ಸಲ ಒತ್ತಿದಾಗಲೇ ನಿಜವಾದ ರೆಕಾರ್ಡಿಂಗ್ ಶುರು. ಬಿಸಿಲಿನಲ್ಲಿ ಮಿಣುಕುವ ದೀಪಕ್ಕೂ ನಿಂತು ಉರಿಯುವ ದೀಪಕ್ಕೂ ಏನು ವ್ಯತ್ಯಾಸ ಕಾಣಬೇಕು ಹೇಳಿ? ಗಿರಣಿಯಲ್ಲಿ ಅಜ್ಜಿಯ ಪಾತ್ರ ಮಾಡಿದವರು ಅದಕ್ಕೂ ಮುಂಚೆ ಕ್ಯಾಮೆರಾ ಎದುರು ನಿಂತವರೇ ಅಲ್ಲ. ಮಗನ ಸಾಲದ ಬಗ್ಗೆ ಒಂದು ಮಾತು ಅವರ ಬಾಯಿಂದ ಎಷ್ಟು ಸಹಜವಾಗಿ ಬಂತೆಂದರೆ ಕ್ಯಾಮೆರಾ ಹಿಡಿದಿದ್ದ ಹುಡುಗ ಕಣ್ಣು ಒರೆಸಿಕೊಂಡ. ಕಾರ್ಡಿನಲ್ಲಿ ಆ ಟೇಕ್ ಇರಲಿಲ್ಲ. ಮತ್ತೆ ಹೇಳಿಸಿದೆವು. ಅದೇ ಮಾತು, ಆದರೆ ಆ ದನಿ ಬರಲಿಲ್ಲ. ವಿನ್ಯಾಸ ಮಾಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ತಯಾರಿಗೆ ಬೇರೆಯೇ ಗುಂಡಿ ಕೊಡಬಹುದಿತ್ತು, ಅಲ್ವಾ? ಕಡೇ ಪಕ್ಷ ದೀಪದ ಬಣ್ಣವನ್ನಾದರೂ ಬೇರೆ ಮಾಡಬಹುದಿತ್ತು.

ಆಮೇಲೆ ನಮ್ಮ ಸೆಟ್ಟಿನಲ್ಲಿ ಒಂದು ಕಟ್ಟುನಿಟ್ಟು ಬಂತು. ಡೈರೆಕ್ಟರ್ 'ಸೌಂಡ್' ಅನ್ನಬೇಕು. ಸ್ಕ್ರೀನ್ ಮೇಲೆ ಸೆಕೆಂಡ್ ಓಡುವುದನ್ನು ಕಣ್ಣಾರೆ ನೋಡಿದ ಮೇಲೆಯೇ ನಾನು 'ರೋಲಿಂಗ್' ಅನ್ನಬೇಕು. ಆಮೇಲೆ ಕ್ಲ್ಯಾಪ್. ದೊಡ್ಡ ಸೆಟ್ಟುಗಳಲ್ಲಿ ಈ ಕೂಗಾಟ ಯಾಕಿದೆ ಅಂತ ಆಗ ಅರ್ಥವಾಯಿತು. ಕ್ಲ್ಯಾಪ್ ಹೊಡೆದರೆ ಸಿಂಕ್ ಮಾಡುವುದೂ, ಅಂದರೆ ಫೋನಿನ ಚಿತ್ರಕ್ಕೆ ರೆಕಾರ್ಡರಿನ ಸದ್ದು ಹೊಂದಿಸುವುದೂ, ಸಲೀಸು. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯೇ ಎರಡೂ ಸದ್ದಿನ ಅಲೆ ನೋಡಿ ಜೋಡಿಸಿಕೊಡುತ್ತದೆ. ಫೋನಿನ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು) ಮಾತ್ರ ಸ್ಥಿರವಾಗಿರಬೇಕು. ಇಲ್ಲದಿದ್ದರೆ ಉದ್ದದ ಟೇಕಿನ ಕೊನೆಯಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ.

ಸಿಟ್ಟಿನಲ್ಲಿ ಈ ರೆಕಾರ್ಡರನ್ನು ಮಾರಿಬಿಡುತ್ತಿದ್ದೆನೋ ಏನೋ. ಆದರೆ ಒಂದು ಮಧ್ಯಾಹ್ನ ಗಿರಣಿ ಮಾಲೀಕರು 'ಒಂದ್ಸಲ ಕೊಡಮ್ಮ, ನಾನೂ ಕೇಳ್ತೀನಿ' ಅಂದರು. ಹೆಡ್‌ಫೋನ್ ಹಾಕಿದೆ. ಮೈಕನ್ನು ಮೋಟಾರಿನ ಪಕ್ಕ ಹಿಡಿದೆ. ಮೊದಲು ನಕ್ಕರು. ಆಮೇಲೆ ನಗು ನಿಂತಿತು. ನನ್ನ ಕೈ ಹಿಡಿದು ಮೈಕನ್ನು ಸ್ವಲ್ಪ ಎಡಕ್ಕೆ ಸರಿಸಿದರು. 'ಬೇರಿಂಗ್ ಹೋಗ್ತಾ ಇದೆ ಕಣಮ್ಮ' ಅಂದರು. ಅವರು ತೋರಿಸಿದ ಮೇಲೆ ನನಗೂ ಕೇಳಿಸಿತು, ಗಿರ್ರ್ ಅನ್ನುವುದರ ಒಳಗೆ ಸಣ್ಣ ಕಿರಕಿರ. ಮುಂದಿನ ವಾರ ಹೋಗುವಷ್ಟರಲ್ಲಿ ಹೊಸ ಬೇರಿಂಗ್ ಹಾಕಿಸಿದ್ದರು. ಹಳೆಯ ಸದ್ದು ನಮ್ಮ ಕಾರ್ಡಿನಲ್ಲಿತ್ತು. ಫಿಲ್ಮಿನಲ್ಲಿ ಸಾಲ ಕೊಟ್ಟವನು ಬರುವ ಸೀನಿಗೆ ಅದನ್ನೇ ಬಳಸಿದೆವು. ಮ್ಯೂಸಿಕ್ ಹಾಕಲೇ ಇಲ್ಲ.

ಒಂದು ಕೊರತೆ ಹೇಳಬೇಕು. ಮೆಲ್ಲಗೆ ಮಾತಾಡುವ ಸೀನಿನಲ್ಲಿ ಲೆವೆಲ್ ಜಾಸ್ತಿ ಏರಿಸಿದರೆ 'ಸ್ಸ್' ಅಂತ ಹಿಸ್ ಬರುತ್ತದೆ. ಮೈಕನ್ನು ಫ್ರೇಮಿನ ಅಂಚಿನವರೆಗೆ ತಂದು ನಟರ ಬಾಯಿಗೆ ಹತ್ತಿರ ಹಿಡಿಯುವುದೇ ಪರಿಹಾರ. ಹೊರಗಿನ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ರೆಕಾರ್ಡರಿನಿಂದ ಕೇಬಲ್ ಮೂಲಕವೇ ಮೈಕಿಗೆ ಹೋಗುವ ಕರೆಂಟ್) ಕೊಟ್ಟರೆ ಸೆಲ್ ಬೇಗ ಖಾಲಿ. ಜೇಬಿನಲ್ಲಿ ಇನ್ನೊಂದು ಜೊತೆ ಇರಲಿ.

ಈಗ 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳು ಬಂದಿವೆ. ತೀರಾ ಮೆಲ್ಲಗಿನ ಸದ್ದನ್ನೂ ತೀರಾ ಜೋರು ಸದ್ದನ್ನೂ ಒಟ್ಟಿಗೇ ಹಿಡಿಯುವುದರಿಂದ ಅವುಗಳಲ್ಲಿ ಲೆವೆಲ್ ಚಿಂತೆ ಕಡಿಮೆ. ಒಬ್ಬರೇ ಎಲ್ಲಾ ಮಾಡುವವರಿಗೆ, ಬಜೆಟ್ ಇದ್ದರೆ, ಅದೇ ಒಳ್ಳೆಯದು. ನನ್ನಂತೆ ಕಲಿಯುವವರಿಗೆ ಈ ಹಳೆಯದೇ ಸಾಕು ಅನ್ನುತ್ತೇನೆ. ಮೀಟರ್ ನೋಡುತ್ತಾ ನೋಡುತ್ತಾ ಕಿವಿ ಪಳಗುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಹೆಡ್‌ಫೋನ್ ಮತ್ತು ಒಂದು ಎಕ್ಸ್‌ಎಲ್‌ಆರ್ ಮೈಕ್ ಜೊತೆಗೇ ಹೋಗಿ. ಎರಡೂ ಸಾಕೆಟ್‌ಗಳಲ್ಲಿ ಫ್ಯಾಂಟಮ್ ಹಾಕಿ ಕೇಳಿ. ಹೆಡ್‌ಫೋನ್ ಪಿನ್ ಮೆಲ್ಲಗೆ ತಿರುಗಿಸಿ. ಕರಕರ ಅಂದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.