ಹಳೆ ಸಾಗವಾನಿ ರಿಪೇರಿನೋ, ಹೊಸಾ ಪಾರ್ಟಿಕಲ್ ಬೋರ್ಡೋ?

ಹುಬ್ಬಳ್ಳ್ಯಾಗ ಹೊಸದಾಗಿ ಮನಿ ಮಾಡೋರು ಕಪಾಟಿನ ಬಗ್ಗೆ ಇದನ್ನ ಕೇಳ್ತಾರ್ರಿ. ಪಾರ್ಟಿಕಲ್ ಬೋರ್ಡಿಂದು ನೋಡಾಕ ಛಂದ, ರೇಟೂ ಕಡಿಮಿ, ಆದ್ರ ಅದು ಕಟ್ಟಿಗಿ ಚೂರಿಗೆ ಅಂಟು ಹಾಕಿ ಒತ್ತಿದ್ದು, ಮಳಿಗಾಲದಾಗ ಗ್ವಾಡಿ ಹಸಿ ತಾಕಿದ್ರ ಉಬ್ಬತೈತಿ, ಮನಿ ಬದಲಿ ಮಾಡುವಾಗ ಎರಡ್ಮೂರು ಸಲ ಬಿಚ್ಚಿ ಜೋಡಿಸಿದ್ರ ಸ್ಕ್ರೂ ಸಡ್ಲಾಗತಾವ, ಆಮ್ಯಾಲೆ ಬಡಿಗ್ಯಾರಿಗೂ ರಿಪೇರಿ ಕಷ್ಟ. ಸಾಗವಾನಿ ಹಂಗಲ್ಲ. ಕೀಲು ಬಿಟ್ರ ಮತ್ತ ಕೂಡಸಬೋದು, ಉಜ್ಜಿ ಪಾಲಿಶ್ ಹೊಡದ್ರ ಹೊಳಿತೈತಿ, ನಾವು ಅಜ್ಜನ ಮಂಚಾನ ಕೊಯ್ಸಿ ಮಗಳಿಗೆ ಓದೋ ಟೇಬಲ್ ಮಾಡಿಸೀವಿ, ಅದಕ್ಕಂತ ಹೊಸಾ ಗಿಡ ಕಡಿಯೋದು ತಪ್ಪಿತಲ್ರಿ. ಮಜೂರಿ ಜಾಸ್ತಿ ಖರೆ, ಭಾರನೂ ಭಾಳ. ರಿಪೇರಿಗೆ ಕೊಡೋಕಿಂತ ಮೊದಲ ಕಟ್ಟಿಗಿ ಬಡದು ನೋಡ್ರಿ, ಟೊಳ್ಳ ಸಪ್ಪಳ ಬಂದ್ರ ಒಳಗ ಗೆದ್ದಲ ತಿಂದಿರಬೋದು, ಅಂಥಾದ್ದು ಬ್ಯಾಡ. ಗಟ್ಟಿ ಇದ್ರ ನಾ ಅಂತೂ ರಿಪೇರಿನ ಮಾಡಸ್ರಿ ಅಂತೀನಿ.