ತುಮಕೂರಿನ ಅಂಗಡಿಯಿಂದ ತಂದ ಗಿರ್ಲು ಮೀನುಗಳು

ತುಮಕೂರಿನ ಬಿ.ಎಚ್. ರಸ್ತೆಗೆ ಹೊಂದಿಕೊಂಡ ಅಡ್ಡರಸ್ತೆಯೊಂದರ ಅಕ್ವೇರಿಯಂ ಅಂಗಡಿಯಿಂದ ಮೂರು ತಿಂಗಳ ಹಿಂದೆ ನಾಲ್ಕು ಗಿರ್ಲು ಮೀನುಗಳನ್ನು ತಂದಿದ್ದೆ. 1794ರಲ್ಲಿ ಬ್ಲಾಖ್ ಎಂಬ ಜರ್ಮನ್ ವಿಜ್ಞಾನಿ ವಿವರಿಸಿದ ಈ ಗಿರ್ಲು (ವೈಜ್ಞಾನಿಕ ಹೆಸರು ಮಿಸ್ಟಸ್ ವಿಟ್ಟೇಟಸ್), ಹುರುಪೆಯಿಲ್ಲದ ನುಣುಪು ಮೈ, ಉದ್ದನೆಯ ಪಟ್ಟೆಗಳು ಹಾಗೂ ನಾಲ್ಕು ಜೊತೆ ಮೀಸೆಗಳಿರುವ, ನಮ್ಮ ಕೆರೆ-ಹೊಳೆಗಳಲ್ಲೂ ಸಿಗುವ ಪುಟ್ಟ ಮೀನು. (ಊರಿನ ಕೆರೆಯಲ್ಲಿ ಸಿಗುವುದಕ್ಕೆ ದುಡ್ಡು ಕೊಟ್ಟೆನೆಂದು ಮನೆಯವರು ಇಂದಿಗೂ ನಗುತ್ತಾರೆ.)

ಬೆನ್ನಿನ ಮತ್ತು ಎದೆಯ ರೆಕ್ಕೆಗಳ ಗಡುಸು ಮುಳ್ಳುಗಳು ಪ್ಲಾಸ್ಟಿಕ್ಕನ್ನು ತೂತು ಮಾಡುತ್ತವೆಂದು ಅರಿತ ಅಂಗಡಿಯವರು, ಒಂದರೊಳಗೊಂದು ಚೀಲವಿಟ್ಟು ಆಕ್ಸಿಜನ್ ತುಂಬಿ ಕೊಟ್ಟರು. ಬರಿಗೈಯಲ್ಲಿ ಹಿಡಿದರೆ ಚುಚ್ಚಿ ಉರಿಯುತ್ತದೆಂದೂ ಎಚ್ಚರಿಸಿದರು. ತೊಟ್ಟಿಗಳ ನೀರು ತಿಳಿಯಾಗಿತ್ತು, ಮೀನುಗಳ ಮೀಸೆಗಳೂ ಮುರಿಯದೆ ನೆಟ್ಟಗಿದ್ದವು. ಆರೋಗ್ಯದ ಗುರುತಾಗಿ ನಾನು ಮೊದಲು ನೋಡುವುದು ಅದನ್ನೇ.

ಆದರೆ ಗಪ್ಪಿ ಎಂಬ ಪುಟ್ಟ ಅಲಂಕಾರಿಕ ಮೀನುಗಳೊಡನೆ ಬಿಡಬಹುದೆಂಬ ಅವರ ಸಲಹೆ ಮಾತ್ರ ತಪ್ಪಾಗಿತ್ತು. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಅಡಗಿ, ಕತ್ತಲಾದ ಮೇಲೆ ಬೇಟೆಗಿಳಿಯುವ ಈ ಮೀನುಗಳು ವಾರದೊಳಗೆ ಆರು ಗಪ್ಪಿಗಳನ್ನು ನುಂಗಿದವು. ದೂರು ಹೇಳಿದಾಗ ಅಂಗಡಿಯವರು ವಾದಿಸದೆ ಎರಡು ಗಪ್ಪಿಗಳನ್ನು ಉಚಿತವಾಗಿ ಕೊಟ್ಟರು. ಅವುಗಳನ್ನು ಬೇರೆ ತೊಟ್ಟಿಯಲ್ಲಿಟ್ಟಿದ್ದೇನೆ. ಗಿರ್ಲುಗಳಿಗೆ ಮರಳಿನ ತಳವನ್ನೂ ಅಡಗಲು ಮಣ್ಣಿನ ಕುಡಿಕೆಗಳನ್ನೂ ಒದಗಿಸಬಲ್ಲವರು ಈ ಅಂಗಡಿಗೆ ಧಾರಾಳವಾಗಿ ಹೋಗಬಹುದು.